ಕೇಳುವವನ ಗಡಿಯಾರ

ನಮ್ಮ ಸಿನಿಮಾ, ಕಥೆ, ಕಾದಂಬರಿಗಳಲ್ಲಿ ಮನೋವೈದ್ಯರಿಗೆ ಬರವೇನಿಲ್ಲ. ಆದರೆ ಅವರಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ. ಅವರಿಗೆ ಸುಸ್ತಾಗುವುದಿಲ್ಲ, ಬಾಡಿಗೆ ಕಟ್ಟುವ ಚಿಂತೆಯಿಲ್ಲ, ಹೊರಗೆ ಬೆಂಚಿನ ಮೇಲೆ ಇನ್ನೊಬ್ಬ ರೋಗಿ ಕಾದು ಕುಳಿತಿರುವುದಿಲ್ಲ. 2004ರ 'ಆಪ್ತಮಿತ್ರ'ವನ್ನೇ ತೆಗೆದುಕೊಳ್ಳಿ. ವಿಷ್ಣುವರ್ಧನ್ ಅವರ ಡಾ. ವಿಜಯ್ ಗೆಳೆಯನ ಬಂಗಲೆಗೆ ಬಂದಿಳಿದವನು ಒಬ್ಬಳೇ ಒಬ್ಬ ರೋಗಿಗಾಗಿ ಹಗಲು ರಾತ್ರಿ ಅಲ್ಲೇ ಇರುತ್ತಾನೆ. ಹಾಡುತ್ತಾನೆ, ನಗಿಸುತ್ತಾನೆ, ಪತ್ತೇದಾರನಂತೆ ಸುಳಿವು ಹುಡುಕುತ್ತಾನೆ. ಇವನ ಚಿಕಿತ್ಸಾಲಯ ಎಲ್ಲಿದೆ, ಅದರ ಬಾಗಿಲು ಈಗ ತೆರೆದಿದೆಯೋ ಮುಚ್ಚಿದೆಯೋ, ಉಳಿದ ರೋಗಿಗಳ ಗತಿಯೇನು ಎಂದು ಪ್ರೇಕ್ಷಕ ಕೇಳುವುದಿಲ್ಲ. ಚಿತ್ರ ಮಜವಾಗಿದೆ, ನಾವೂ ಎರಡು ಸಲ ನೋಡಿದ್ದೇವೆ. ನಮ್ಮ ತಕರಾರು ಅದರ ಮಜದ ಮೇಲಲ್ಲ, ಅದು ಜನರ ತಲೆಯಲ್ಲಿ ಬಿಟ್ಟುಹೋದ ವೈದ್ಯನ ಚಿತ್ರದ ಮೇಲೆ.

ಆ ಚಿತ್ರದ ಹೆಸರಿನಲ್ಲಿರುವ 'ಆಪ್ತ' ಎಂಬ ಮಾತನ್ನೂ ಸ್ವಲ್ಪ ನೋಡಬೇಕು. ಕೌನ್ಸೆಲಿಂಗ್ ಎಂಬ ಕೆಲಸಕ್ಕೆ ಕನ್ನಡದಲ್ಲಿ ನಾವು ಕೊಟ್ಟುಕೊಂಡ ಹೆಸರು ಆಪ್ತಸಲಹೆ, ಆಪ್ತಸಮಾಲೋಚನೆ. ಒಳ್ಳೆಯ ಮಾತೇ. ಆದರೆ ಆಪ್ತನಾದವನ ಮನೆಗೆ ಯಾರಾದರೂ ಹೊತ್ತು ಗೊತ್ತು ಮಾಡಿಕೊಂಡು ಹೋಗುತ್ತಾರೆಯೇ? ಆಪ್ತನಿಗೆ ಫೀಸು ಕೊಡುತ್ತಾರೆಯೇ? ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದರೆ ಆಪ್ತ ಬೇಸರ ಮಾಡಿಕೊಳ್ಳುತ್ತಾನೆಯೇ? ಮಾತು ಹುಟ್ಟಿದ ದಿನವೇ ಈ ವೃತ್ತಿಯವರ ಕೈ ಕಟ್ಟಿಹೋಯಿತೇನೋ ಅನಿಸುತ್ತದೆ. ವಕೀಲನನ್ನು ಆಪ್ತವಕೀಲ ಎನ್ನುವುದಿಲ್ಲ. ಅವನ ಮುಂದೆ ಕುಳಿತ ತಕ್ಷಣ ನಮ್ಮ ಕೈ ಜೇಬಿಗೆ ಹೋಗುತ್ತದೆ.

ಈ ದೃಷ್ಟಿಯಿಂದ 'ಆಪ್ತಮಿತ್ರ'ಕ್ಕಿಂತ ಇಪ್ಪತ್ತೆರಡು ವರ್ಷ ಹಿಂದಿನ ಪುಟ್ಟಣ್ಣ ಕಣಗಾಲರ 'ಮಾನಸ ಸರೋವರ' (1982) ಹೆಚ್ಚು ಪ್ರಾಮಾಣಿಕ ಚಿತ್ರ. ಅಲ್ಲಿನ ಡಾ. ಆನಂದ ತಾನು ಗುಣಪಡಿಸಿದ ವಾಸಂತಿಯನ್ನೇ ಪ್ರೀತಿಸುತ್ತಾನೆ. ಅವಳ ಮನಸ್ಸು ಇನ್ನೊಬ್ಬನಲ್ಲಿದೆ. ಕಡೆಗೆ ಚಿಕಿತ್ಸೆ ಕೊಟ್ಟವನೇ ಹುಚ್ಚನಾಗುತ್ತಾನೆ. ಬೇರೊಬ್ಬರ ಮನಸ್ಸಿನ ಭಾರ ಹೊರುವವನ ಬೆನ್ನೂ ಮುರಿಯಬಹುದೆಂದು ಕನ್ನಡ ಪರದೆಯ ಮೇಲೆ ಇಷ್ಟು ಗಟ್ಟಿಯಾಗಿ ಹೇಳಿದ ಇನ್ನೊಂದು ಚಿತ್ರ ನಮಗೆ ನೆನಪಾಗುವುದಿಲ್ಲ. ಶ್ರೀನಾಥ್ ಆ ಪಾತ್ರವನ್ನು ಮರೆಯಲಾಗದಂತೆ ಮಾಡಿದರು. ಆದರೆ ಪುಟ್ಟಣ್ಣನವರಿಗೂ ವೈದ್ಯನನ್ನು ಮುರಿಯಲು ಒಬ್ಬಳು ನಾಯಕಿ ಬೇಕಾದಳು, ಒಂದು ಭಗ್ನಪ್ರೇಮ ಬೇಕಾಯಿತು. ನಿಜವಾದ ದಣಿವಿಗೆ ನಾಯಕಿ ಇರುವುದಿಲ್ಲ. ಅದು ದಿನಕ್ಕೆ ಏಳು ಜನರ ಅಳುವನ್ನು ಕೇಳಿ, ಎಂಟನೆಯವರು ಬಂದಾಗ ಮುಖದ ಮೇಲೆ ಅದೇ ಕಾಳಜಿಯನ್ನು ತಂದುಕೊಳ್ಳಲಾರದೆ ಹೋಗುವ ದಣಿವು. ಅದಕ್ಕೆ ಹಿನ್ನೆಲೆ ಸಂಗೀತ ಹಾಕುವುದು ಕಷ್ಟ.

ಇದಕ್ಕೆ ಹೆಸರಿಟ್ಟವರು ಸಿನಿಮಾದವರಲ್ಲ, ಅದನ್ನು ಉಂಡವರೇ. ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ನ್ಯೂಯಾರ್ಕಿನಲ್ಲಿ ಹಗಲು ತನ್ನ ಖಾಸಗಿ ಚಿಕಿತ್ಸಾಲಯ ನಡೆಸಿ, ರಾತ್ರಿ ಬಡವರ ಉಚಿತ ಚಿಕಿತ್ಸಾಲಯದಲ್ಲಿ ಕೂರುತ್ತಿದ್ದ ಮನಶ್ಶಾಸ್ತ್ರಜ್ಞ. ತನ್ನಲ್ಲೂ ಜೊತೆಗಾರರಲ್ಲೂ ಕಂಡದ್ದನ್ನು 1974ರಲ್ಲಿ 'ಬರ್ನ್ಔಟ್' ಎಂದು ಬರೆದ. ಎಣ್ಣೆ ಮುಗಿದು ಬತ್ತಿಯೇ ಉರಿಯುವ ಸ್ಥಿತಿ ಎಂದರೆ ನಮ್ಮವರಿಗೆ ಬೇಗ ತಿಳಿದೀತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗವೆನ್ನದೆ, ಕೆಲಸದ ಪರಿಸ್ಥಿತಿಯಿಂದ ಹುಟ್ಟುವ ಬವಣೆ ಎಂದು ತನ್ನ ಪಟ್ಟಿಯಲ್ಲಿ ಸೇರಿಸಿತು.

ಅದಕ್ಕೂ ಆರು ದಶಕ ಮೊದಲು ಸಿಗ್ಮಂಡ್ ಫ್ರಾಯ್ಡ್ ಈ ವ್ಯವಹಾರವನ್ನು ಬಿಚ್ಚಿಟ್ಟಿದ್ದ. ಚಿಕಿತ್ಸೆಯನ್ನು ಹೇಗೆ ಶುರುಮಾಡಬೇಕು ಎಂಬ ಅವನ 1913ರ ಪ್ರಬಂಧ ಓದಿದರೆ, ಮನಸ್ಸಿನ ಪಾತಾಳಕ್ಕಿಳಿದ ಮನುಷ್ಯ ಇಷ್ಟು ಲೆಕ್ಕಾಚಾರದವನೇ ಎಂದು ಆಶ್ಚರ್ಯವಾಗುತ್ತದೆ. ಪ್ರತಿ ರೋಗಿಗೂ ದಿನದ ಒಂದು ಗಂಟೆಯನ್ನು ಗುತ್ತಿಗೆ ಕೊಟ್ಟಂತೆ. ರೋಗಿ ಬರಲಿ ಬಿಡಲಿ, ಆ ಗಂಟೆಯ ಹಣ ಅವನೇ ತೆರಬೇಕು. ಬಿಟ್ಟಿ ಚಿಕಿತ್ಸೆಯನ್ನು ತಾನು ವರ್ಷಗಟ್ಟಲೆ ಮಾಡಿ ನೋಡಿದ್ದಾಗಿಯೂ, ಅದರಿಂದ ರೋಗಿಗೆ ತಾನು ಬಯಸಿದ ಲಾಭವಾಗಲಿಲ್ಲವೆಂದೂ ಹೇಳುತ್ತಾನೆ. ಮಂಚದ ಹಿಂದೆ, ರೋಗಿಗೆ ಕಾಣದಂತೆ ಕೂರುತ್ತಿದ್ದುದಕ್ಕೆ ಅವನು ಕೊಟ್ಟ ಒಂದು ಕಾರಣ ನಮಗೆ ತುಂಬ ಹಿಡಿಸಿತು: ದಿನಕ್ಕೆ ಎಂಟು ಗಂಟೆ ಜನ ತನ್ನ ಮುಖವನ್ನೇ ದಿಟ್ಟಿಸುತ್ತಿದ್ದರೆ ಅವನಿಂದ ತಡೆಯಲಾಗುತ್ತಿರಲಿಲ್ಲವಂತೆ. ಇಡೀ ಶಾಸ್ತ್ರಕ್ಕೇ ಗುರುತಾದ ಆ ಮಂಚದ ಹಿಂದೆ ಒಬ್ಬ ದಣಿದ ಮನುಷ್ಯನೂ ಇದ್ದ.

ಆದರೆ ವಿಯೆನ್ನಾದ ಈ ಗಂಟೆಯನ್ನು ತಂದು ಬೆಳಗಾವಿಯ ಗೋಡೆಗೆ ಹಾಕಿದರೆ ನಡೆಯುತ್ತದೆಯೇ? ಖಾನಾಪುರ ತಾಲ್ಲೂಕಿನ ನಮ್ಮ ಬೀಡಿ, 1830ರಲ್ಲಿ ಸಂಗೊಳ್ಳಿ ರಾಯಣ್ಣನ ಜನ ಇಲ್ಲಿನ ಸರಕಾರಿ ಕಚೇರಿಗೆ ಬೆಂಕಿ ಹಚ್ಚಿದರೆಂಬ ಕಾರಣಕ್ಕೆ ಚರಿತ್ರೆಯಲ್ಲಿ ಹೆಸರಿರುವ ಊರು. ಇಲ್ಲಿಂದ ಮನಸ್ಸಿನ ಕಾಯಿಲೆಯವರನ್ನು ಕರೆದುಕೊಂಡು ಬೆಳಗಾವಿಗೋ ಧಾರವಾಡಕ್ಕೋ ಹೋಗಬೇಕು. ಧಾರವಾಡದ ಆಸ್ಪತ್ರೆ 1845ರಷ್ಟು ಹಳೆಯದು, ಈಗ ಡಿಮ್ಹಾನ್ಸ್. ಆದರೆ 'ಇವನ್ನ ಧಾರವಾಡಕ್ಕ ಕಳಸ್ಬೇಕು' ಎಂಬುದು ನಮ್ಮ ಕಡೆ ಇಂದಿಗೂ ಬೈಗುಳ. ಆ ಹೆಸರಿಗೆ ಅಂಜಿಯೇ ಅನೇಕರು ಪೇಟೆಯ ಖಾಸಗಿ ಸಲಹೆಗಾರರ ಬಾಗಿಲು ಹುಡುಕುತ್ತಾರೆ. ಬಸ್ಸು ತಪ್ಪಿದರೆ ಹತ್ತರ ಹೊತ್ತು ಹನ್ನೆರಡಾಗುತ್ತದೆ. ರೋಗಿ ಒಬ್ಬಳು, ಜೊತೆಗೆ ಅತ್ತೆ, ಅಣ್ಣ, ಮೈದುನ. ಅತ್ತೆ ಮರಾಠಿಯಲ್ಲಿ, ಅಣ್ಣ ಕನ್ನಡದಲ್ಲಿ, ಪಕ್ಕದ ಮನೆಯ ಹುಡುಗಿಯಾದರೆ ದಖನಿ ಉರ್ದುವಿನಲ್ಲಿ ಕಥೆ ಹೇಳುತ್ತಾರೆ. ಮೂರು ಭಾಷೆಯಲ್ಲಿ ಅಳು ಕೇಳುವುದು ಮೂರು ಪಟ್ಟು ಕೆಲಸ. ಮಳೆ ಹಿಡಿದು ಭತ್ತದ ನಾಟಿ ಶುರುವಾದರೆ ಒಬ್ಬರೂ ಬರುವುದಿಲ್ಲ. ನಾಟಿ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ಬಾಡಿಗೆ ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು. ಬಾರದ ಗಂಟೆಗೂ ದುಡ್ಡು ಕೊಡಿ ಎಂದು ಇಲ್ಲಿ ಕೇಳಿದ ಸಲಹೆಗಾರ ಮರುದಿನವೇ ಊರಿಗೆಲ್ಲ ಕಟುಕನಾಗುತ್ತಾನೆ.

ಹಾಗೆಂದು ನಮ್ಮ ಕಡೆಯವರಿಗೆ ಹೊತ್ತಿನ ಶಿಸ್ತೇ ಗೊತ್ತಿಲ್ಲವೆಂದಲ್ಲ. ಹಳ್ಳಿಗಳಲ್ಲಿ ದಮ್ ಹಾಕುವ, ತಾಯತ ಕಟ್ಟುವ ಹಿರಿಯರನ್ನು ನೋಡಿ. ಅಸರ್ ನಮಾಜಿನ ನಂತರ ಕುಳಿತರೆ ಮಗ್ರಿಬ್ ಅಜಾನ್‌ಗೆ ಏಳುತ್ತಾರೆ. ಎಷ್ಟೇ ಅಳುತ್ತಿರಲಿ, 'ನಾಳೆ ಬಾ ಬೇಟಿ' ಎಂದರೆ ಮುಗಿಯಿತು, ಯಾರೂ ಮುನಿಸಿಕೊಳ್ಳುವುದಿಲ್ಲ. ತಾಯತದ ಗುಣದ ಬಗ್ಗೆ ನಮಗೆ ನಂಬಿಕೆಯಿಲ್ಲ. ಆದರೆ ಕೇಳುವವನಿಗೂ ಏಳುವ ಹೊತ್ತೊಂದಿದೆ ಎಂಬುದನ್ನು ಜನ ಅಲ್ಲಿ ಒಪ್ಪುತ್ತಾರೆ. ಓದಿ ಬಂದ ಆಪ್ತಸಲಹೆಗಾರ್ತಿ ಆರು ಗಂಟೆಗೆ ಬಾಗಿಲು ಹಾಕಿದರೆ ಮಾತ್ರ 'ದುಡ್ಡಿನ ಧಿಮಾಕು' ಎನ್ನುತ್ತಾರೆ. ಆಕೆ ಹೆಂಗಸಾದ್ದರಿಂದ ಮನೆಗೆ ಹೋಗಿ ರೊಟ್ಟಿ ಬಡಿಯುವುದೂ ಇದೆ ಎಂಬುದು ಯಾವ ಲೆಕ್ಕದಲ್ಲೂ ಇಲ್ಲ.

ಕೇಳುವವರ ಕೊರತೆ ಎಷ್ಟಿದೆ? 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಒಂದಿಲ್ಲೊಂದು ಮಾನಸಿಕ ತೊಂದರೆಯಲ್ಲಿದ್ದರು. ಮನೋವೈದ್ಯರೋ, ಲಕ್ಷ ಜನಕ್ಕೆ ಒಬ್ಬರೂ ಇರಲಿಲ್ಲ. ರಾಜ್ಯ ಸರಕಾರ 2014ರಲ್ಲಿ 'ಮನೋಚೈತನ್ಯ' ಎಂದು ತಾಲ್ಲೂಕು ಆಸ್ಪತ್ರೆಗೆ ಮಂಗಳವಾರದಂದು ಮನೋವೈದ್ಯರನ್ನು ಕಳಿಸುವ ಏರ್ಪಾಟು ಮಾಡಿತು. 2022ರಲ್ಲಿ 14416 ಸಂಖ್ಯೆಯ ಟೆಲಿಮಾನಸ್ ಬಂತು. ಅಲ್ಲಿ ಹಗಲು ರಾತ್ರಿ ಫೋನು ಎತ್ತುವವರಿದ್ದಾರೆ, ಆದರೆ ಪಾಳಿಯ ಮೇಲೆ. ಒಬ್ಬನೇ ಅಂಗಡಿ ತೆರೆದು ಕುಳಿತ ಖಾಸಗಿಯವನಿಗೆ ಪಾಳಿ ಬದಲಿಸಲು ಇನ್ನೊಬ್ಬನಿಲ್ಲ.

ಕಾಯುವ ಕೈ ಸಾಲದೆ ಹೋದಾಗ ಏನಾಗುತ್ತದೆಂದು 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದೇಶವೇ ಕಂಡಿತು. ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಮಗಳಲ್ಲೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ ಇಪ್ಪತ್ತೈದಕ್ಕೂ ಹೆಚ್ಚು ಮನೋರೋಗಿಗಳು ಕಟ್ಟಿದಲ್ಲೇ ಬೆಂದುಹೋದರು. ಆಗ ಎಲ್ಲರೂ ಮೂಢನಂಬಿಕೆಯನ್ನು ಬೈದರು. ಬೈಯಬೇಕಾದದ್ದೇ. ಆದರೆ ಸರಪಳಿ ಬರೀ ಮೂಢನಂಬಿಕೆಯ ಸಾಮಾನಲ್ಲ, ಅದು ಅಗ್ಗದ ಕಾವಲುಗಾರ. ಸಂಬಳ ಕೇಳುವುದಿಲ್ಲ, ನಿದ್ದೆ ಮಾಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿತು. ಅದರ ಜಾಗದಲ್ಲಿ ಎಚ್ಚರವಿರಬೇಕಾದ ಮನುಷ್ಯನ ನಿದ್ದೆ, ಊಟ, ರಜೆಯ ಲೆಕ್ಕವನ್ನು ಯಾರು ಇಟ್ಟರು?

ಸಾಹಿತ್ಯ ಇಟ್ಟಿದೆಯೇ ಎಂದು ಹುಡುಕಿದೆವು. ಉರ್ದು ಗಜಲಿನಲ್ಲಿ 'ಚಾರಾಗರ್' ಎಂಬ ವೈದ್ಯ ಹೆಜ್ಜೆ ಹೆಜ್ಜೆಗೆ ಸಿಗುತ್ತಾನೆ. ಕವಿ ಅವನನ್ನು ಹಂಗಿಸುವುದೇ ಹೆಚ್ಚು, ನಿನ್ನ ದಿನ ಹೇಗಿತ್ತು ಎಂದು ಒಬ್ಬನೂ ಕೇಳುವುದಿಲ್ಲ. ಗದ್ಯದಲ್ಲಿ ರಾಜಿಂದರ್ ಸಿಂಗ್ ಬೇಡಿಯವರ 'ಕ್ವಾರಂಟೀನ್' ಕಥೆಯಿದೆ. ಪ್ಲೇಗಿನ ನಡುವೆ ಕಸ ಗುಡಿಸುವ ಭಾಗೂ ರಾತ್ರಿ ಹಗಲೆನ್ನದೆ ರೋಗಿಗಳನ್ನು ನೋಡಿಕೊಳ್ಳುತ್ತಾನೆ, ಹೆಂಡತಿಯನ್ನೂ ಕಳೆದುಕೊಳ್ಳುತ್ತಾನೆ. ಹಾರ ಬೀಳುವುದು ಡಾಕ್ಟರರ ಕೊರಳಿಗೆ. ಆರೈಕೆಯ ಬೆವರು ಯಾರದು, ಲೆಕ್ಕ ಯಾರ ಹೆಸರಿನಲ್ಲಿ ಎಂದು ಕೇಳಿದ ಕಥೆಯದು.

ಕನ್ನಡದಲ್ಲಿ ಬರೆಯುವ ವೈದ್ಯರಿಗೇನು ಕಡಿಮೆಯೇ? 'ರಾಶಿ' ಡಾ. ಎಂ. ಶಿವರಾಂ ರೋಗಿಗಳನ್ನು ನೋಡುತ್ತಲೇ 1942ರಿಂದ 'ಕೊರವಂಜಿ' ಹೊರಡಿಸಿದರು, 'ಮನಮಂಥನ' ಬರೆದು 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಡಾ. ಸಿ.ಆರ್. ಚಂದ್ರಶೇಖರ್ ಇನ್ನೂರಕ್ಕೂ ಹೆಚ್ಚು ಪುಸ್ತಕ ಬರೆದು, ನಿಮ್ಹಾನ್ಸ್‌ನಿಂದ ನಿವೃತ್ತರಾದ ಮೇಲೂ ಬೆಂಗಳೂರಿನಲ್ಲಿ ಉಚಿತ ಸಲಹೆಗೆ ಕುಳಿತವರು. ಇವರಿಂದ ಕನ್ನಡಿಗರು ತಮ್ಮ ಮನಸ್ಸಿಗೆ ಮಾತು ಕಲಿತರು, ಆ ಋಣ ದೊಡ್ಡದು. ಆದರೆ ನಾವು ಓದಿದಷ್ಟರಲ್ಲಿ ಇವರ ಪುಟಗಳಲ್ಲಿ ಮಾತಾಡುವುದು ರೋಗಿ, ಉತ್ತರಿಸುವುದು ವೈದ್ಯ. ಉತ್ತರ ಕೊಟ್ಟ ಮೇಲೆ ಆ ವೈದ್ಯ ಎದ್ದು ಮುಖ ತೊಳೆದುಕೊಂಡನೇ, ಟಿಪ್ಪಣಿ ಬರೆದನೇ, ಮನೆಗೆ ಹೋಗಿ ಮಗನ ಮೇಲೆ ರೇಗಿದನೇ ಎಂಬುದು ಸಿಗುವುದಿಲ್ಲ. ಸೇವೆ ಎಂಬ ದೊಡ್ಡ ಮಾತು ಅದನ್ನು ಮುಚ್ಚಿಬಿಟ್ಟಿದೆ. ದಣಿವನ್ನು ಹೇಳಿಕೊಂಡರೆ ಸೇವೆಗೆ ಕಳಂಕ ಬಂದೀತೆಂಬ ಸಂಕೋಚವೂ ಇರಬಹುದು.

ಈಗ ಬರೆಯುತ್ತಿರುವ ಹುಡುಗ ಹುಡುಗಿಯರಲ್ಲಿ ಮನಶ್ಶಾಸ್ತ್ರ ಓದಿದವರು ಸಾಕಷ್ಟಿದ್ದಾರೆ. ಅವರಿಂದ ನಾವು ಬಯಸುವುದು ನಾಗವಲ್ಲಿಯ ಕಥೆಯನ್ನಲ್ಲ. ಬೆಳಗಾವಿಯ ಒಂದು ಬಾಡಿಗೆ ಕೋಣೆ, ಸಂಜೆ ಐದೂವರೆ. ಐದಕ್ಕೆ ಬರಬೇಕಾದವಳು ಬೀಡಿಯ ಬಸ್ಸು ಕೆಟ್ಟು ನಿಂತದ್ದರಿಂದ ಈಗ ಬಂದು, ಒದ್ದೆ ಸೆರಗು ಹಿಂಡುತ್ತ ಬಾಗಿಲಲ್ಲಿ ನಿಂತಿದ್ದಾಳೆ. ಐದೂವರೆಯವನು ಹೊರಗೆ ಬೆಂಚಿನ ಮೇಲಿದ್ದಾನೆ, ಅವನಿಗೂ ಕೊನೆಯ ಬಸ್ಸು ಹಿಡಿಯಬೇಕು. ಒಳಗಿರುವಾಕೆಗೆ ಬೆಳಗಿನಿಂದ ಚಹಾ ಬಿಟ್ಟರೆ ಹೊಟ್ಟೆಗೇನೂ ಬಿದ್ದಿಲ್ಲ. ಅವಳು ಯಾರನ್ನು ಮೊದಲು ಒಳಗೆ ಕರೆಯುತ್ತಾಳೆ, ಇನ್ನೊಬ್ಬರಿಗೆ ಏನು ಹೇಳಿ ಕಳಿಸುತ್ತಾಳೆ?