ಚೋಮನಿಂದ ಕಲಿಯಬೇಕಾದವರು ಯಾರು?

ಮಧುಗಿರಿ, ಕೊರಟಗೆರೆ ಕಡೆಯ ಶಾಲೆಗಳಲ್ಲಿ ಕತೆ ಹೇಳಿ ಮುಗಿಸಿದ ಕೂಡಲೇ ನಾವು ಮೇಷ್ಟ್ರುಗಳು ಕೇಳೋ ಪ್ರಶ್ನೆ ಒಂದೇ: ‘ಈ ಪಾತ್ರದಿಂದ ಕಲಿತ ನೀತಿ ಏನು?’ ಕಾರಂತರ ‘ಚೋಮನ ದುಡಿ’ (1933) ಹೇಳಿ ನಾನೂ ಕೇಳಿದೆ. ಮುಂದಿನ ಸಾಲಿನವನು ‘ಕಷ್ಟ ಸಹಿಸ್ಕೋಬೇಕು ಸಾ’ ಅಂದ. ಹಿಂದೆ ಕೂತಿದ್ದ ನಮ್ಮ ಕೇರಿ ಹುಡುಗ, ‘ಎತ್ತು ಇದ್ವಲ್ಲ ಸಾ, ಹೊಲ ಯಾಕೆ ಕೊಡ್ಲಿಲ್ಲ?’ ಅಂದ.

ಕಾದಂಬರಿಯನ್ನು ಸರಿಯಾಗಿ ಓದಿದವನು ಇವನೇ. ಒಡೆಯ ಸಂಕಪ್ಪಯ್ಯನ ಮನಸ್ಸು ಕೊಂಚ ಕರಗಿದರೂ ಅವನ ತಾಯಿ ಒಪ್ಪಲಿಲ್ಲ. ಹೊಲೆಯ ಆರಂಬ ಮಾಡೋದುಂಟೇ! ಚೋಮನ ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಿ ಎತ್ತುವ ಕೈಯೇ ಇರಲಿಲ್ಲ. ಇದರಿಂದ ನೀತಿ ಕಲಿಯಬೇಕಾದವರು ದಡದಲ್ಲಿ ನಿಂತಿದ್ದವರು. ಸಹನೆಯ ಪಾಠವನ್ನು ಮತ್ತೆ ಚೋಮನ ಮೊಮ್ಮಕ್ಕಳಿಗೇ ಹೇಳುತ್ತೇವಲ್ಲ, ನಮಗೆ ನಾಚಿಕೆ ಬೇಡವೇ?

‘ಅದೆಲ್ಲ ಹಳೇ ಕಾಲ, ಉಳುವವನೇ ಒಡೆಯ ಆಗಲಿಲ್ಲವೇ’ ಅನ್ನುವವರಿದ್ದಾರೆ. 1974ರ ತಿದ್ದುಪಡಿ ಹೊಲ ಕೊಟ್ಟದ್ದು ಗೇಣಿದಾರನಿಗೆ. ಚೋಮ ಗೇಣಿದಾರನಲ್ಲ, ಸಾಲದ ಜೀತದಾಳು. ಗೇಣಿ ಅರ್ಜಿ ಹಾಕುವ ಹಕ್ಕೂ ಅವನಿಗೆ ಬರುತ್ತಿರಲಿಲ್ಲ. ಹೆಚ್ಚುವರಿ ಜಮೀನು ಸಿಕ್ಕೀತೇ ಎಂದು ಕಾಯಬೇಕಿತ್ತು. ಜೀತ ರದ್ದು ಮಾಡಿದ 1976ರ ಕಾಯಿದೆ ಸಾಲ ತೊಡೆಯಿತು, ಹೊಲ ಕೊಡಲಿಲ್ಲ.

ಕಾರಂತರ ಕರುಣೆ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವರ ಚೋಮ ಒಂಟಿಯಾಗಿ ದುಡಿ ಬಾರಿಸುತ್ತಲೇ ಸಾಯುತ್ತಾನೆ. ದೇವನೂರರ ‘ಒಡಲಾಳ’ದ ಸಾಕವ್ವ ಹಾಗಲ್ಲ. ಕಳೆದುಹೋದ ಹುಂಜಕ್ಕಾಗಿ ಊರಿಗೆ ಊರನ್ನೇ ಬೈದುಕೊಂಡು ತಿರುಗುತ್ತಾಳೆ. ಅವಳ ಮನೆ ತುಂಬಾ ಜನ, ಜಗಳ, ಹಸಿವು. ಮೈಸೂರು ಸೀಮೆಯ ಅವಳ ಮಾತು, ಮನೇಲಿ ತೆಲುಗಾಡುವ ನಮ್ಮ ಪಾವಗಡದ ಮಕ್ಕಳಿಗೆ ತೊಡಕು, ನಿಜ. ಆದರೆ ಕದ್ದು ತಂದ ಕಡ್ಲೇಕಾಯನ್ನು ಮನೆಯವರೆಲ್ಲ ಸುತ್ತ ಕೂತು ರಾತ್ರಿಯೇ ತಿಂದು ಮುಗಿಸುವುದನ್ನು ಓದಿದಾಗ ಅರ್ಥ ಹೇಳಬೇಕಾಗಲಿಲ್ಲ. ಶಿರಾ, ಪಾವಗಡದ್ದು ಕಡ್ಲೇಕಾಯಿ ಸೀಮೆ. ದಿನವಿಡೀ ಕಾಯಿ ಬಿಡಿಸಿದ ಅವ್ವನ ಸೆರಗು ಕೊಡವಿಸಿ ಕಳಿಸೋದನ್ನು ಕಂಡ ಮಕ್ಕಳು ಇವು. ಪೊಲೀಸರು ಬಂದಾಗ ತರಗತಿ ಉಸಿರು ಬಿಗಿಹಿಡಿದು ಕೂತಿತ್ತು. ಇಲ್ಲಿ ‘ಕದಿಯಬಾರದು’ ಅಂತ ನೀತಿ ಬರೆಸೋಣವೇ ಮೇಷ್ಟ್ರೇ? ಬರೆಸುವುದಾದರೆ ಸಾಹುಕಾರನ ಮೂಟೆ ತುಂಬಿದ್ದು ಯಾರ ಕೂಲಿಯಿಂದ ಎಂಬುದನ್ನೂ ಬರೆಸಬೇಕಾಗುತ್ತೆ.

ಇನ್ನು ಆ ಹುಡುಗನ ಪ್ರಶ್ನೆ. ಅವತ್ತು ನಾನು ಉತ್ತರ ಹೇಳಲಿಲ್ಲ. ‘ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ’ ಅಂದೆ.