ಕಮೆಕುರಾ ಅವರ ಓಟಗಾರರು

ಜಪಾನಿನ ವಿನ್ಯಾಸಕಾರ ಯೂಸಾಕು ಕಮೆಕುರಾ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಟೋಕಿಯೊ ಒಲಿಂಪಿಕ್ಸ್‌ಗಾಗಿ ಮಾಡಿದ 1961ರ ಪೋಸ್ಟರು. ಬಿಳಿ ಹಾಳೆಯ ಮೇಲೆ ಭಾರೀ ಕೆಂಪು ವೃತ್ತ, ಅದರಡಿ ಚಿನ್ನದ ಬಣ್ಣದ ಐದು ಒಲಿಂಪಿಕ್ ಉಂಗುರಗಳು, ಟೋಕಿಯೊ 1964 ಎಂಬ ದಪ್ಪ ಅಕ್ಷರ. ಅದು ಧೈರ್ಯದ ಕೆಲಸ. ಎರಡನೆಯ ಮಹಾಯುದ್ಧ ಮುಗಿದು ಹದಿನಾರೇ ವರ್ಷವಾಗಿತ್ತು. ಜಪಾನಿನ ಸೂರ್ಯಧ್ವಜವನ್ನು ಏಷ್ಯಾದ ಎಷ್ಟೋ ಊರುಗಳು ಮರೆತಿರಲಿಲ್ಲ. ಧ್ವಜದಲ್ಲಿ ವೃತ್ತದ ಸುತ್ತ ಧಾರಾಳ ಬಿಳುಪಿದೆ. ಕಮೆಕುರಾ ಆ ಬಿಳುಪನ್ನು ಹಿಂಡಿ, ವೃತ್ತವನ್ನು ಮೇಲಕ್ಕೆ ತಳ್ಳಿ, ಉಂಗುರಗಳಿಗೆ ತೀರಾ ಹತ್ತಿರ ತಂದರು. ಅಷ್ಟರಿಂದಲೇ ಅದು ಧ್ವಜವಾಗಿ ಉಳಿಯದೆ ಸೂರ್ಯನಾಯಿತು.

ಆದರೂ ನನ್ನ ಮಟ್ಟಿಗೆ ಅವರ ನಿಜವಾದ ಸಾಧನೆ ಮರುವರ್ಷದ ಎರಡನೆಯ ಪೋಸ್ಟರು. ಕಗ್ಗತ್ತಲೆಯ ಹಿನ್ನೆಲೆಯಿಂದ ಆರು ಓಟಗಾರರು ಒಟ್ಟಿಗೆ ಚಿಮ್ಮುತ್ತಿದ್ದಾರೆ. ಅಧಿಕೃತ ಒಲಿಂಪಿಕ್ ಪೋಸ್ಟರಿಗೆ ಫೋಟೊ ಬಳಸಿದ್ದು ಅದೇ ಮೊದಲು. ತೆಗೆದವರು ಒಸಾಮು ಹಯಾಸಾಕಿ. ಚಿತ್ರೀಕರಣದ ನಿರ್ದೇಶನ ಜೋ ಮುರಾಕೋಶಿ ಅವರದು. ಓಡಿದವರಲ್ಲಿ ಜಪಾನೀಯರ ಜೊತೆಗೆ ಅಲ್ಲಿನ ಅಮೆರಿಕನ್ ಸೇನಾನೆಲೆಯವರೂ ಇದ್ದರು. ಸರಿಯಾದ ಒಂದು ಕ್ಷಣಕ್ಕಾಗಿ ಅವರನ್ನು ಮತ್ತೆ ಮತ್ತೆ ಓಡಿಸಲಾಯಿತು. ಆ ಶ್ರಮ ಚಿತ್ರದಲ್ಲಿ ಎಲ್ಲೂ ಎದ್ದು ಕಾಣುವುದಿಲ್ಲ. ದೇಹಗಳು ಒಂದರ ಮೇಲೊಂದು ಬಿದ್ದಂತಿದ್ದರೂ ಪ್ರತಿ ತೋಳು, ಪ್ರತಿ ಮೊಣಕಾಲು ಬಿಡಿಬಿಡಿಯಾಗಿ ಓದಿಸಿಕೊಳ್ಳುತ್ತದೆ. ಮೊದಲ ಪೋಸ್ಟರು ಒಂದು ದೇಶದ ಗುರುತು. ಇಲ್ಲಿ ಗುರುತು ಕೆಳಕ್ಕೆ ಸರಿದು ಮನುಷ್ಯರಿಗೆ ಜಾಗ ಬಿಟ್ಟಿದೆ. ತಾನೇ ಕಟ್ಟಿದ ಚಿಹ್ನೆಯನ್ನು ಹೀಗೆ ಹಿಂದಕ್ಕೆ ಸರಿಸುವ ಸಂಯಮ ಎಷ್ಟು ವಿನ್ಯಾಸಕಾರರಿಗಿದೆ?

1963ರ ಚಿಟ್ಟೆ ಈಜಿನ ಪೋಸ್ಟರಿನಲ್ಲೂ ಬಲವಿದೆ. 1964ರ ಜ್ಯೋತಿಧಾರಿಯಲ್ಲಿ ಮಾತ್ರ ಓಟಕ್ಕಿಂತ ಭಂಗಿಯೇ ಹೆಚ್ಚು.

ಸಂಗ್ರಾಹಕರ ಒಲವು ಇಂದಿಗೂ ಕೆಂಪು ಸೂರ್ಯನ ಕಡೆಗೇ. ಸುಮಾರು 1 ಲಕ್ಷ ಪ್ರತಿ ಅಚ್ಚಾದ ಹಾಳೆಯದು, ಬೀದಿಗೋಡೆಗೆಂದೇ ಮಾಡಿದ್ದು. ಚೌಕಟ್ಟಿನೊಳಗೂ ಅದರ ಗತ್ತು ಕುಗ್ಗುವುದಿಲ್ಲ, ಅಂಚೆಚೀಟಿಯಷ್ಟು ಕಿರಿದಾದರೂ ನಿಲ್ಲುತ್ತದೆ. ಓಟಗಾರರ ಪೋಸ್ಟರಿಗೆ ಆ ಸೌಲಭ್ಯವಿಲ್ಲ. ಅದರ ಕಪ್ಪು ಗ್ರವ್ಯೂರ್ ಮುದ್ರಣದ ದಟ್ಟ ಶಾಯಿಯಿಂದ ಬಂದದ್ದು. ಮೊಬೈಲ್ ಪರದೆಯಲ್ಲಿ, ಅಗ್ಗದ ಮರುಮುದ್ರಣದಲ್ಲಿ ಆ ಕಪ್ಪು ಬೂದುಬಣ್ಣವಾಗುತ್ತದೆ, ದೇಹಗಳು ಹಿನ್ನೆಲೆಗೆ ಅಂಟಿಕೊಳ್ಳುತ್ತವೆ. ಕೊಳ್ಳುವುದಾದರೆ 103 ಸೆಂಟಿಮೀಟರ್ ಎತ್ತರದ ಮೂಲ ಪ್ರತಿಯನ್ನೇ ನೋಡಿ ಕೊಳ್ಳಬೇಕು, ಅದೂ ಕತ್ತಲೆಯ ಭಾಗವನ್ನೇ ಮೊದಲು ನೋಡಿ.