ದೇವರ ಮುಂದಿಟ್ಟ ದೂರು

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಜನ ಗಂಗಾಕೊಳದ ಮುಂದೆ ನಿಂತು ತಮ್ಮ ಸಂಕಟ ಹೇಳಿಕೊಳ್ಳುತ್ತಾರೆ. ನೀರಿನಿಂದ ಮೇಲೆದ್ದು ಬರುವ ಪ್ರಸಾದವೇ ಉತ್ತರವೆಂಬುದು ಅವರ ನಂಬಿಕೆ. ಉತ್ತರ ಬರಲಿ, ಬಾರದಿರಲಿ, ಕೇಳುವುದು ತಪ್ಪೆಂದು ಯಾರೂ ಹೇಳುವುದಿಲ್ಲ. ಆದರೆ ಮುಸ್ಲಿಂ ಹೆಣ್ಣೊಬ್ಬಳು ಕತೆಯೊಳಗೆ ದೇವರನ್ನು ಕೇಳಿದರೆ ಮಾತ್ರ ನಾವು ಗಲಿಬಿಲಿಗೊಳ್ಳುತ್ತೇವೆ.

ಬಾನು ಮುಷ್ತಾಕ್ ಅವರ ‘ಒಮ್ಮೆ ಹೆಣ್ಣಾಗು ಪ್ರಭುವೇ’ ಅಂಥ ಕತೆ. 1948ರಲ್ಲಿ ಹಾಸನದಲ್ಲಿ ಹುಟ್ಟಿದ ಬಾನು, ಬಂಡಾಯದ ಕಾವಿನಲ್ಲಿ ಬೆಳೆದವರು. ಪತ್ರಕರ್ತೆಯಾಗಿ, ವಕೀಲೆಯಾಗಿ ದುಡಿದವರು. ‘ಹೆಜ್ಜೆ ಮೂಡಿದ ಹಾದಿ’ (1990), ‘ಬೆಂಕಿ ಮಳೆ’ (1999) ಸಂಕಲನಗಳ ಕಾಲದಿಂದಲೂ ನಮ್ಮ ವಿಮರ್ಶೆ ಅವರನ್ನು ‘ಮುಸ್ಲಿಂ ಬದುಕಿನ ದಾಖಲೆಕಾರ್ತಿ’ ಎಂದೇ ಓದಿತು. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ 12 ಕತೆಗಳ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪಡೆದ ಮೇಲೂ ಈ ಓದು ಹೆಚ್ಚು ಬದಲಾಗಲಿಲ್ಲ. ದಾಖಲೆ ಎಂದಾಗ ಕಲ್ಪನೆಯ ಲೆಕ್ಕ ತಪ್ಪಿಹೋಗುತ್ತದೆ.

ಗಂಡನಿಂದ ನೊಂದು, ಕೈಬಿಡಲ್ಪಟ್ಟ ಹೆಣ್ಣು ಇಲ್ಲಿ ಸೃಷ್ಟಿಕರ್ತನೊಡನೆ ನೇರವಾಗಿ ಮಾತಾಡುತ್ತಾಳೆ. ಅವಳು ಕೇಳುವುದು ಪರಿಹಾರವನ್ನಲ್ಲ. ನೀನೇ ಒಮ್ಮೆ ಹೆಣ್ಣಾಗಿ ಬಾಳಿ ನೋಡು ಎನ್ನುತ್ತಾಳೆ. 1905ರಲ್ಲಿ ರುಕೈಯಾ ಸಖಾವತ್ ಹುಸೇನ್ ‘ಸುಲ್ತಾನಾಳ ಕನಸು’ ಬರೆದು ಗಂಡಸರನ್ನು ಪರದೆಯ ಒಳಗೆ ಕೂರಿಸಿದ್ದರು. ‘ಹೀಗಾಗಿದ್ದರೆ?’ ಎಂಬ ಅದೇ ಪ್ರಶ್ನೆಯನ್ನು ಬಾನು ಅರ್ಶ್‌ವರೆಗೂ ಒಯ್ದರು.

ಇದು ಧರ್ಮದ್ರೋಹವೇ? ಕುರ್‌ಆನಿನ 58ನೇ ಅಧ್ಯಾಯಕ್ಕೆ ‘ಅಲ್ ಮುಜಾದಿಲ’, ವಾದಿಸಿದವಳು, ಎಂಬ ಹೆಸರಿದೆ. ಗಂಡನ ಮೇಲೆ ದೂರು ತಂದು ಪ್ರವಾದಿಯವರೊಡನೆ ವಾದಿಸಿದ ಖೌಲಾ ಅವರ ಮಾತನ್ನು ಅಲ್ಲಾಹನು ಕೇಳಿಸಿಕೊಂಡನೆಂದೇ ಅದು ಆರಂಭವಾಗುತ್ತದೆ. ನಂಬಿಕೆ ಇದ್ದವರಷ್ಟೇ ದೂರು ಕೊಡುತ್ತಾರೆ. ಖೌಲಾ ನ್ಯಾಯ ಕೇಳಿದರು. ಬಾನುವಿನ ಹೆಣ್ಣು ನ್ಯಾಯಾಧೀಶನೇ ಕಟಕಟೆಗೆ ಇಳಿದು ಬರಲಿ ಎನ್ನುತ್ತಾಳೆ. ಹೆಜ್ಜೆ ದೊಡ್ಡದು, ಆದರೆ ದಾರಿ ಹೊಸದಲ್ಲ.

ಕತೆಗೆ ಕೊರತೆಯೂ ಇದೆ. ಗಂಡನಿಗೆ ಮುಖವಿಲ್ಲ, ಅವನು ಬರೀ ಆರೋಪಿ. ಅಲ್ಲಲ್ಲಿ ಹೆಣ್ಣಿನ ದನಿ ತಗ್ಗಿ ವಕೀಲರ ದನಿ ಏರುತ್ತದೆ. ಕಥೆಗಾರ್ತಿಯನ್ನು ಬರೀ ಹೊಗಳಿ ಮುಗಿಸುವುದಕ್ಕಿಂತ ಇದನ್ನು ಹೇಳುವುದೇ ಗೌರವವೆಂದು ನಾವು ತಿಳಿದಿದ್ದೇವೆ.

ಪ್ರಭು ಹೆಣ್ಣಾಗಬೇಕೋ ಬೇಡವೋ, ಅದು ಅವನಿಗೆ ಬಿಟ್ಟದ್ದು. ಒಮ್ಮೆ ಹೆಣ್ಣಿನ ಜಾಗದಲ್ಲಿ ನಿಂತು ನೋಡಲು ನಮ್ಮ ಜಮಾಅತಿನ ಗಂಡಸರಿಗೆ ಅಡ್ಡಿ ಏನು? ಕತೆ ಕೊನೆಗೆ ನಮ್ಮ ಮುಂದಿಡುವ ದೂರು ಇದೇ.